ಬೈನರಿ ಸ್ಟ್ರೀಮಿನಿಂದ ನಮ್ಮದೇ ಕ್ಲಾಸಿನ ಆಬ್ಜೆಕ್ಟ್ ಓದಿದರೆ 36.5 ಬದಲು 3.03516 ಬರುತ್ತಿದೆ: ಕ್ಯೂಟಿ, ಸಿ++

ಪಿಂಪರಿ_ಪೋರ್ಟ್ ಕೇಳಿದ್ದು:

ಪುಣೆ ಬಳಿಯ ಚಾಕಣದ ಒಂದು ಟೆಸ್ಟ್ ಬೆಂಚಿನ ಅಳತೆಗಳನ್ನು ಬರೆಯುವ ಪ್ರೋಗ್ರಾಂ ಕ್ಯೂಟಿ (ಸಿ++ ಲೈಬ್ರರಿ) 5.15ರಲ್ಲಿದೆ. ಡೇಟಾವನ್ನು ಬೈಟುಗಳಾಗಿ ಬರೆದು ಓದುವ ಅದರ ಕ್ಯೂಡೇಟಾಸ್ಟ್ರೀಮ್ ಕ್ಲಾಸು ಬಳಸಿ ಫೈಲಿಗೂ ಬರೆಯುತ್ತೆ, ಟಿಸಿಪಿ ಸಾಕೆಟ್ಟಿಗೂ (ನೆಟ್‌ವರ್ಕ್ ಸಂಪರ್ಕ) ಕಳಿಸುತ್ತೆ. ಓದುವ ಪ್ರೋಗ್ರಾಂ ಹೊಸದು, ಕ್ಯೂಟಿ 6ರಲ್ಲಿದೆ. ಕ್ಲಾಸಿನ ಹೆಸರು ಅಳತೆ. ಬರೆಯುವ ಸಾಲು ಇದು:

ಹರಿವು << ಅ.ಸಂಖ್ಯೆ << ಅ.ಬೆಂಚು << ಅ.ತಾಪ << ಅ.ಮಾದರಿಗಳು;

ಸಂಖ್ಯೆ 32 ಬಿಟ್ಟಿನ ಅನ್‌ಸೈನ್ಡ್, ಬೆಂಚು ಕ್ಯೂಸ್ಟ್ರಿಂಗ್, ತಾಪ ಫ್ಲೋಟ್, ಮಾದರಿಗಳು 16 ಬಿಟ್ಟಿನ ಅನ್‌ಸೈನ್ಡ್ ಸಂಖ್ಯೆಗಳ ಕ್ಯೂವೆಕ್ಟರ್. ಓದುವ ಕಡೆಯೂ ಇದೇ ಕ್ರಮದಲ್ಲಿ >> ಇದೆ. ತಾಪ ಫ್ಲೋಟ್ ಆದ್ದರಿಂದ ಓದುವ ಕಡೆ ಸೆಟ್‌ಫ್ಲೋಟಿಂಗ್‌ಪಾಯಿಂಟ್‌ಪ್ರಿಸಿಷನ್ ಸಿಂಗಲ್ ಎಂದು ಇಟ್ಟಿದೆ. ಸ್ಟ್ರೀಮಿನ ವರ್ಷನ್ ಎರಡೂ ಕಡೆ ಹೇಳಿಲ್ಲ.

ಮೊದಲ ಆಬ್ಜೆಕ್ಟಿನಲ್ಲಿ ಸಂಖ್ಯೆ 7 ಸರಿ, ಬೆಂಚಿನ ಹೆಸರು ಸರಿ (ಮರಾಠಿಯಲ್ಲಿ ‘ಪುಣೆ’ ಎಂದಿದೆ). ತಾಪ ಮಾತ್ರ 36.5 ಬದಲು 3.03516. ಮಾದರಿಗಳು 18 ಇರಬೇಕಿತ್ತು, ಪಟ್ಟಿ ಖಾಲಿ. ಎರಡನೇ ಆಬ್ಜೆಕ್ಟಿನ ಸಂಖ್ಯೆ 18, ಹೆಸರು ಖಾಲಿ, ಸ್ಟೇಟಸ್ ರೀಡ್‌ಪಾಸ್ಟ್‌ಎಂಡ್ (ಡೇಟಾ ಸಾಲಲಿಲ್ಲ ಎಂದರ್ಥ). ಫೈಲಿನ ಮೊದಲ ಬೈಟುಗಳು, ಹೆಕ್ಸಿನಲ್ಲಿ (ಹದಿನಾರರ ಪದ್ಧತಿ):

00 00 00 07
00 00 00 08
09 2ಎ 09 41 09 23 09 47
40 42 40 00 00 00 00 00
00 00 00 12
02 04 02 04 …

ಇನ್ನೊಂದು ತೊಂದರೆ ಸಾಕೆಟ್ಟಿನದು. ಎರಡೂ ಪ್ರೋಗ್ರಾಂ ಒಂದೇ ಗಣಕದಲ್ಲಿದ್ದರೆ ಆಬ್ಜೆಕ್ಟುಗಳು ಇಡಿಯಾಗಿ ಬರುತ್ತವೆ. ಕಾರ್ಖಾನೆಯ ವೈಫೈ ಮೇಲೆ ಆಗಾಗ ಅರ್ಧ ಫೀಲ್ಡುಗಳಲ್ಲಿ ಸೊನ್ನೆ. ಎರಡಕ್ಕೂ ಒಂದೇ ಕಾರಣವೇ, ಬೇರೆ ಬೇರೆಯೇ?

ಹಿಂಜವಡಿ_ಹೆಕ್ಸ್:

ಬೇರೆ ಬೇರೆ. ಫೈಲಿನದನ್ನು ಮೊದಲು ನೋಡೋಣ. ಬೈಟುಗಳನ್ನು ಹಾಕಿದ್ದು ಒಳ್ಳೆಯದಾಯಿತು, ಉತ್ತರ ಅವುಗಳಲ್ಲೇ ಇದೆ.

ಮೊದಲ ನಾಲ್ಕು ಬೈಟು ಸಂಖ್ಯೆ. ಕ್ಯೂಡೇಟಾಸ್ಟ್ರೀಮ್ ಬೇರೇನೂ ಹೇಳದಿದ್ದರೆ ಬಿಗ್ ಎಂಡಿಯನ್ (ದೊಡ್ಡ ಸ್ಥಾನದ ಬೈಟು ಮೊದಲು), ಹಾಗಾಗಿ 7 ಕೊನೆಯ ಬೈಟಿನಲ್ಲಿದೆ. ಮುಂದಿನ ನಾಲ್ಕು ಬೈಟು ಕ್ಯೂಸ್ಟ್ರಿಂಗಿನ ಉದ್ದ. ಇದು ಅಕ್ಷರಗಳ ಲೆಕ್ಕ ಅಲ್ಲ, ಬೈಟುಗಳ ಲೆಕ್ಕ, ಯುಟಿಎಫ್-16ರಲ್ಲಿ (ಒಂದು ಸಂಕೇತಕ್ಕೆ ಎರಡು ಬೈಟು). ದೇವನಾಗರಿಯ ‘ಪುಣೆ’ ಎಂದರೆ ಪ, ಉಕಾರ, ಣ, ಎಕಾರ, ಒಟ್ಟು ನಾಲ್ಕು ಸಂಕೇತ, ಎಂಟು ಬೈಟು. ಎರಡು ಬೈಟಿಗೊಮ್ಮೆ 09 ಕಾಣುತ್ತಿರುವುದು ದೇವನಾಗರಿಯ ಗುರುತು. ಹೆಸರು ಕನ್ನಡದಲ್ಲಿದ್ದಿದ್ದರೆ ಆ ಜಾಗದಲ್ಲಿ 0ಸಿ ಇರುತ್ತಿತ್ತು. ಹೆಕ್ಸ್ ಡಂಪಿನಲ್ಲಿ ದಾರಿ ತಪ್ಪಿದಾಗ ಹೆಸರಿನ ಫೀಲ್ಡು ಎಲ್ಲಿದೆ ಎಂದು ಹುಡುಕಲು ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ.

ಈಗ ತಾಪ. 40 42 40 00 00 00 00 00 ಎಂಬುದು ಎಂಟು ಬೈಟಿನ ಡಬಲ್, ಬೆಲೆ ಸರಿಯಾಗಿ 36.5. ಅದೇ 36.5 ನಾಲ್ಕು ಬೈಟಿನ ಫ್ಲೋಟ್ ಆಗಿದ್ದರೆ 42 12 00 00 ಇರಬೇಕಿತ್ತು. ಅಂದರೆ ಬರೆದವರು ಡಬಲ್ ಬರೆದಿದ್ದಾರೆ. ಕ್ಲಾಸಿನಲ್ಲಿ ಫ್ಲೋಟ್ ಎಂದಿದ್ದರೂ ಹೀಗೇಕೆ ಅಂದರೆ, ಸ್ಟ್ರೀಮ್ ವರ್ಷನ್ 4.6ರಿಂದ ಈಚೆಗೆ ಫ್ಲೋಟ್ ಆಗಲಿ ಡಬಲ್ ಆಗಲಿ, ಎಷ್ಟು ಬೈಟು ಹೋಗಬೇಕೆಂದು ತೀರ್ಮಾನಿಸುವುದು ಸ್ಟ್ರೀಮಿನ ಪ್ರಿಸಿಷನ್ ಸೆಟ್ಟಿಂಗು, ಚರದ ಟೈಪು ಅಲ್ಲ. ಆ ಸೆಟ್ಟಿಂಗಿನ ಡಿಫಾಲ್ಟ್ ಡಬಲ್. ಓದುವ ಕಡೆ ನೀವು ಸಿಂಗಲ್ ಎಂದಿದ್ದೀರಿ, ಅದು 40 42 40 00 ಇಷ್ಟನ್ನೇ ತೆಗೆದುಕೊಂಡಿತು. ಈ ನಾಲ್ಕು ಬೈಟನ್ನು ಫ್ಲೋಟ್ ಆಗಿ ಬಿಡಿಸಿದರೆ 3.03515625, ಮುದ್ರಿಸಿದಾಗ 3.03516.

ಉಳಿದ ನಾಲ್ಕು ಸೊನ್ನೆ ಬೈಟು ಮಾದರಿಗಳ ಎಣಿಕೆಯಾಯಿತು, ಅದಕ್ಕೇ ಪಟ್ಟಿ ಖಾಲಿ. ನಿಜವಾದ ಎಣಿಕೆ 00 00 00 12, ಅಂದರೆ 18, ಎರಡನೇ ಆಬ್ಜೆಕ್ಟಿನ ಸಂಖ್ಯೆಯಾಗಿ ಕೂತಿತು. ಆಮೇಲೆ ಎರಡು ಮಾದರಿಗಳು, 02 04 02 04, ಹೆಸರಿನ ಉದ್ದವಾದವು: 3,38,17,092 ಬೈಟು. ಅಷ್ಟು ಫೈಲಿನಲ್ಲಿ ಇಲ್ಲ, ರೀಡ್‌ಪಾಸ್ಟ್‌ಎಂಡ್ ಬಂತು. ಆ ಸಂಖ್ಯೆ ಬೆಸವಾಗಿದ್ದರೆ ರೀಡ್‌ಕರಪ್ಟ್‌ಡೇಟಾ (ಡೇಟಾ ಕೆಟ್ಟಿದೆ) ಬರುತ್ತಿತ್ತು, ಯುಟಿಎಫ್-16 ಉದ್ದ ಬೆಸ ಇರಲಾರದಲ್ಲ.

ಪರಿಹಾರ: ಓದುವ ಕಡೆಯ ಸಿಂಗಲ್ ಸಾಲು ತೆಗೆಯಿರಿ. ಬರೆಯುವ ಕಡೆಗೆ ಸಿಂಗಲ್ ಸೇರಿಸುವುದು ಬೇಡ, ಹಳೆಯ ಫೈಲುಗಳೆಲ್ಲ ಓದಲಾಗದಂತೆ ಆಗುತ್ತವೆ. ಜೊತೆಗೆ ಎರಡೂ ಕಡೆ, ಸ್ಟ್ರೀಮ್ ಕಟ್ಟಿದ ತಕ್ಷಣ, ಒಂದು ಬೈಟೂ ಓದುವ ಮೊದಲು, ಸೆಟ್‌ವರ್ಷನ್‌ಗೆ ಕ್ಯೂಟಿ 5.15 ಎಂದು ಕೊಡಿ. ಕೊಡದಿದ್ದರೆ ಆಯಾ ಲೈಬ್ರರಿಯ ಸ್ವಂತ ವರ್ಷನ್ ಹಿಡಿಯುತ್ತೆ. ನಿಮ್ಮ ನಾಲ್ಕು ಫೀಲ್ಡುಗಳು 5ಕ್ಕೂ 6ಕ್ಕೂ ಒಂದೇ ರೀತಿ ಇವೆ, ಆದ್ದರಿಂದ ಇವತ್ತು ಗೊತ್ತಾಗುತ್ತಿಲ್ಲ. ನಾಳೆ ಬೇರೊಂದು ಟೈಪು ಸೇರಿದಾಗ ಹೊಡೆತ ಬೀಳುತ್ತೆ.

ಸ್ಟ್ರೀಮಿನಲ್ಲಿ ಫೀಲ್ಡಿನ ಹೆಸರಿಲ್ಲ, ಟೈಪಿಲ್ಲ, ಗಡಿಯಿಲ್ಲ. ಒಂದು ಫೀಲ್ಡಿನಲ್ಲಿ ನಾಲ್ಕು ಬೈಟು ತಪ್ಪಿದರೆ ಮುಂದಿನದೆಲ್ಲ ನಾಲ್ಕು ಬೈಟು ಸರಿಯುತ್ತೆ, ಆದರೂ ಕಂಪೈಲರ್ ಸುಮ್ಮನಿರುತ್ತೆ. 3.03516 ತಾಪಮಾನದಂತೆಯೇ ಕಾಣುತ್ತೆ ಎಂಬುದೇ ಇಲ್ಲಿನ ಅಪಾಯ.

ಠಾಣೆ_ಲೋಕಲ್:

ಸಾಕೆಟ್ಟಿನ ವಿಷಯಕ್ಕೆ ಬರ್ತೀನಿ. ರೆಡಿರೀಡ್ ಸಿಗ್ನಲ್ ಬಂತು ಎಂದರೆ ‘ಏನೋ ಸ್ವಲ್ಪ ಬಂದಿದೆ’ ಎಂದಷ್ಟೇ ಅರ್ಥ. ಒಂದು ಆಬ್ಜೆಕ್ಟ್ ಬಂದಿದೆ ಎಂದಲ್ಲ. ಮೇಲಿನ ನಿಮ್ಮ ಆಬ್ಜೆಕ್ಟ್ 4 + 4 + 8 + 8 + 4 + 36, ಒಟ್ಟು 64 ಬೈಟು. ಟಿಸಿಪಿ ಅದನ್ನು 64 ಆಗಿ ಕೊಡಬಹುದು, 40 ಮತ್ತು 24 ಆಗಿ ಕೊಡಬಹುದು, ಮೂರು ಆಬ್ಜೆಕ್ಟು ಸೇರಿಸಿ 192 ಆಗಿ ಕೊಡಬಹುದು. ಒಂದೇ ಗಣಕದೊಳಗೆ ಇಡಿಯಾಗಿ ಬರುವುದು ಅದೃಷ್ಟ, ನಿಯಮವಲ್ಲ. ಬೈಟು ಸಾಲದಿದ್ದಾಗ ಕ್ಯೂಡೇಟಾಸ್ಟ್ರೀಮ್ ಪೂರ್ಣಾಂಕಕ್ಕೆ ಸೊನ್ನೆ ತುಂಬಿ ಸ್ಟೇಟಸ್ ಬದಲಿಸುತ್ತೆ, ಎಕ್ಸೆಪ್ಶನ್ ಎಸೆಯುವುದಿಲ್ಲ. ನಿಮ್ಮ ಸೊನ್ನೆಗಳು ಅಲ್ಲಿಂದ ಬಂದವು.

ಕ್ಯೂಟಿ 5.7ರಿಂದ ಇದಕ್ಕೆ ಟ್ರಾನ್ಸಾಕ್ಷನ್ ಇದೆ. ಸ್ಟಾರ್ಟ್‌ಟ್ರಾನ್ಸಾಕ್ಷನ್ ಕರೆಯಿರಿ, ಆಬ್ಜೆಕ್ಟ್ ಓದಿ, ಕಮಿಟ್‌ಟ್ರಾನ್ಸಾಕ್ಷನ್ ಕರೆಯಿರಿ. ಬೈಟು ಸಾಲದಿದ್ದರೆ ಕಮಿಟ್ ಸುಳ್ಳು ಎಂದು ಹಿಂತಿರುಗಿಸಿ, ಓದಿದ್ದನ್ನೆಲ್ಲ ಮತ್ತೆ ಮೊದಲಿನ ಜಾಗಕ್ಕೆ ಇಟ್ಟುಬಿಡುತ್ತೆ. ಮುಂದಿನ ರೆಡಿರೀಡಿಗೆ ಮತ್ತೆ ಪ್ರಯತ್ನಿಸಿ. ಕಮಿಟ್ ನಿಜ ಎಂದರೆ ಅಲ್ಲಿಗೇ ನಿಲ್ಲಬೇಡಿ, ಲೂಪಿನಲ್ಲಿ ಮುಂದಿನ ಆಬ್ಜೆಕ್ಟಿಗೆ ಹೋಗಿ. ಲೂಪ್ ಇಲ್ಲದಿದ್ದರೆ ಒಂದೇ ಸಿಗ್ನಲ್ಲಿಗೆ ಮೂರು ಆಬ್ಜೆಕ್ಟು ಬಂದಾಗ ಎರಡು ಬಫರಿನಲ್ಲೇ ಉಳಿದು, ಪರದೆ ಸದಾ ಎರಡು ಅಳತೆ ಹಿಂದಿರುತ್ತೆ. ಇದನ್ನು ನೆಟ್‌ವರ್ಕ್ ನಿಧಾನ ಎಂದುಕೊಂಡು ಜನ ರೌಟರ್ ಬದಲಿಸುತ್ತಾರೆ.

ಟ್ರಾನ್ಸಾಕ್ಷನ್ ಒಂದೇ ಸಾಕು ಎಂದು ಮಾತ್ರ ನಾನು ಹೇಳಲ್ಲ. ಹೆಸರಿನ ಉದ್ದದ ಜಾಗದಲ್ಲಿ ಮೇಲೆ ಬಂದ 3.38 ಕೋಟಿಯಂಥ ಕಸ ಬಂದಿತು ಎನ್ನಿ. ಸ್ಟ್ರೀಮಿನ ದೃಷ್ಟಿಯಲ್ಲಿ ಅದು ತಪ್ಪಲ್ಲ, ‘ಇನ್ನೂ ಬಂದಿಲ್ಲ’ ಅಷ್ಟೇ. ಪ್ರತಿ ಸಲ ಹಿಂದಕ್ಕೆ ಸುತ್ತಿ, ಮತ್ತೆ ಕಾಯುತ್ತೆ. ಬಫರ್ ಬೆಳೆಯುತ್ತಾ ಹೋಗುತ್ತೆ, ಒಂದು ಆಬ್ಜೆಕ್ಟೂ ಹೊರಬರಲ್ಲ, ದೋಷದ ಸಂದೇಶವೂ ಇಲ್ಲ. ಅದಕ್ಕಾಗಿ ಪ್ರತಿ ಆಬ್ಜೆಕ್ಟಿನ ಮುಂದೆ 12 ಬೈಟಿನ ಹೆಡರ್ ಇಡಿ:

ಗುರುತು ಸಂಖ್ಯೆ, 4 ಬೈಟು, ಸದಾ ಒಂದೇ
ಫಾರ್ಮ್ಯಾಟಿನ ಆವೃತ್ತಿ, 2 ಬೈಟು
ಆಬ್ಜೆಕ್ಟಿನ ಬಗೆ, 2 ಬೈಟು
ಒಡಲಿನ ಉದ್ದ, 4 ಬೈಟು

ಗುರುತು ಹೊಂದದಿದ್ದರೆ, ಅಥವಾ ಉದ್ದ ನೀವು ಹಾಕಿಕೊಂಡ ಮಿತಿ ಮೀರಿದರೆ, ಅಬಾರ್ಟ್‌ಟ್ರಾನ್ಸಾಕ್ಷನ್ ಕರೆದು ಸಂಪರ್ಕ ಕಡಿಯಿರಿ. ಮಿತಿಯನ್ನು ಡೇಟಾ ನೋಡಿ ನಿರ್ಧರಿಸಿ: ಒಂದು ಅಳತೆಗೆ ಹೆಚ್ಚೆಂದರೆ 4096 ಮಾದರಿ ಎಂದಿದ್ದರೆ ಅವು 8192 ಬೈಟು, ಹೆಸರು ಇತ್ಯಾದಿ ಸೇರಿಸಿ 16 ಕೆಬಿ ಮಿತಿ ಧಾರಾಳ. ಸಿಕ್ಕಿದ ಕಡೆಯಿಂದ ಗುರುತು ಹುಡುಕಿ ಮುಂದುವರಿಯುವ ಜಾಣತನ ಟಿಸಿಪಿಗೆ ಬೇಡ. ಗಡಿ ತಪ್ಪಿದೆ ಎಂದರೆ ಎಲ್ಲೋ ಕೋಡಿನಲ್ಲಿ ತಪ್ಪಿದೆ, ಅದು ಕಣ್ಣಿಗೆ ಬೀಳಲಿ. ಫೈಲಿಗೆ ಹುಡುಕುವುದು ಸರಿ, ಅಲ್ಲಿ ಕರೆಂಟು ಹೋಗಿ ಅರ್ಧ ಬರೆದ ದಾಖಲೆ ಮಧ್ಯೆ ಇರಬಹುದು. ಫೈಲಿನ ದಾಖಲೆಯ ಕೊನೆಗೆ ಒಂದು ಸಿಆರ್‌ಸಿ (ಬೈಟು ಕೆಟ್ಟಿದೆಯೇ ಎಂದು ತಿಳಿಸುವ ತಾಳೆ ಸಂಖ್ಯೆ) ಕೂಡ ಇಡಿ. ಕ್ಯೂಚೆಕ್‌ಸಮ್ 16 ಬಿಟ್ಟಿನದನ್ನು ಕೊಡುತ್ತೆ, 64 ಬೈಟಿಗೆ ಅದು ಸಾಕು.

ಬರೆಯುವ ಕಡೆ ಒಡಲನ್ನು ಮೊದಲು ಒಂದು ಕ್ಯೂಬೈಟ್‌ಅರೇಗೆ ಬರೆದು, ಅದರ ಗಾತ್ರ ಹೆಡರಿಗೆ ಹಾಕಿ, ಆಮೇಲೆ ಎರಡನ್ನೂ ಕಳಿಸಿ. ಗಾತ್ರವನ್ನು ಕೈಯಿಂದ ಲೆಕ್ಕ ಹಾಕಬೇಡಿ.

ವಾಸ್ಕೊ_ಡೆಕ್:

ಒಂದು ಸೇರಿಸ್ತೀನಿ. ಸಿಂಗಲ್ ಸೆಟ್ಟಿಂಗು ಸರಿಯಾಗುವ ಜಾಗವೂ ಉಂಟು: ಕಂಟ್ರೋಲರಿನಿಂದ ನೇರವಾಗಿ ಸಿ ಸ್ಟ್ರಕ್ಟಿನ ಬೈಟುಗಳು ಬರುವಾಗ. ಅಲ್ಲಿ ಫ್ಲೋಟ್ ನಾಲ್ಕೇ ಬೈಟು, ಸಾಮಾನ್ಯವಾಗಿ ಲಿಟಲ್ ಎಂಡಿಯನ್ (ಚಿಕ್ಕ ಸ್ಥಾನದ ಬೈಟು ಮೊದಲು). ಎರಡೂ ಸೆಟ್ಟಿಂಗು ಬೇಕು. ಎಂಡಿಯನ್ ಮರೆತರೆ 18 ಬದಲು 30,19,89,888 ಬರುತ್ತೆ, ಅದು ಕೂಡಲೇ ಗೊತ್ತಾಗುತ್ತೆ, ಅಷ್ಟು ಕಾಟವಿಲ್ಲ.

ಕಾಟ ಕೊಡುವುದು ಪ್ಯಾಡಿಂಗ್, ಅಂದರೆ ಕಂಪೈಲರ್ ಫೀಲ್ಡುಗಳ ನಡುವೆ ಬಿಡುವ ಖಾಲಿ ಬೈಟು. ಒಂದು ಬೈಟಿನ ಸ್ಥಿತಿ, ನಾಲ್ಕು ಬೈಟಿನ ಸಂಖ್ಯೆ, ಎರಡು ಬೈಟಿನ ಒತ್ತಡ ಎಂದು ಸ್ಟ್ರಕ್ಟ್ ಇದ್ದರೆ ಕೂಡಿದಾಗ 7, ಆದರೆ ಸೈಜ್‌ಆಫ್ 12: ಮೊದಲ ಫೀಲ್ಡಿನ ನಂತರ ಮೂರು ಬೈಟು ಖಾಲಿ, ಕೊನೆಗೆ ಎರಡು. ಆ ಕಡೆ ಪ್ಯಾಕ್ ಮಾಡಿದ್ದಾರೋ ಇಲ್ಲವೋ ಎಂಬುದು ದಾಖಲೆಯಲ್ಲಿ ಇರುವುದಿಲ್ಲ, ಸತತ ಎರಡು ಸ್ಟ್ರಕ್ಟಿನ ನಡುವಿನ ದೂರ ಅಳೆದೇ ತಿಳಿಯಬೇಕು. ರೀಡ್‌ರಾಡೇಟಾದಿಂದ ಇಡೀ ಸ್ಟ್ರಕ್ಟ್ ತುಂಬಿದರೆ ಬೈಟ್ ಆರ್ಡರ್ ಸೆಟ್ಟಿಂಗು ಅದಕ್ಕೆ ತಾಗುವುದಿಲ್ಲ, ನೆನಪಿರಲಿ. ಒಂದೊಂದೇ ಫೀಲ್ಡು ಓದಿ, ಖಾಲಿ ಬೈಟುಗಳನ್ನು ಸ್ಕಿಪ್‌ರಾಡೇಟಾದಿಂದ ದಾಟಿ. ಪೈಥಾನಿನ ಸ್ಟ್ರಕ್ಟ್ ಮಾಡ್ಯೂಲಿನಲ್ಲಿ ಪರೀಕ್ಷಿಸುವವರು ಫಾರ್ಮ್ಯಾಟಿನ ಮೊದಲಿಗೆ < ಅಥವಾ > ಹಾಕಲೇಬೇಕು. ಏನೂ ಹಾಕದಿದ್ದರೆ ಅದು ಆ ಗಣಕದ ಪ್ಯಾಡಿಂಗ್ ತಾನೇ ಸೇರಿಸುತ್ತೆ.

ಪಿಂಪರಿ_ಪೋರ್ಟ್:

ಸಿಂಗಲ್ ಸಾಲು ತೆಗೆದ ಮೇಲೆ 36.5, 18 ಮಾದರಿ, ಎರಡನೇ ಆಬ್ಜೆಕ್ಟು ಎಲ್ಲ ಸರಿ ಬಂತು. ಹೆಡರೂ ಸೇರಿಸುತ್ತೇವೆ. ಮುಂದಿನ ಹೆಜ್ಜೆಗೆ ಎರಡು ಪ್ರಶ್ನೆ. ಅಳತೆ ಕ್ಲಾಸಿನಿಂದ ಒತ್ತಡ, ಕಂಪನ ಎಂದು ಎರಡು ಕ್ಲಾಸು ಹುಟ್ಟಿಕೊಳ್ಳುತ್ತವೆ, ಒಂದೇ ಸ್ಟ್ರೀಮಿನಲ್ಲಿ ಕಲೆತು ಬರುತ್ತವೆ. ಓದುವಾಗ ಯಾವುದನ್ನು ಕಟ್ಟಬೇಕೆಂದು ತಿಳಿಯುವುದು ಹೇಗೆ? ಕ್ಯೂವೇರಿಯಂಟ್ (ಯಾವ ಟೈಪಿನ ಬೆಲೆಯನ್ನೂ ಹಿಡಿಯುವ ಕ್ಲಾಸು) ಒಳಗೆ ಹಾಕಿ ಕಳಿಸಿದರೆ ಆಗುತ್ತಾ? ಇನ್ನೊಂದು, ಅಳತೆಗೆ ಸಮಯ ಎಂಬ ಫೀಲ್ಡು ಸೇರಬೇಕು. ಹಳೆಯ ಫೈಲುಗಳೂ ಓದಬೇಕು.

ಹಿಂಜವಡಿ_ಹೆಕ್ಸ್:

ಕ್ಯೂವೇರಿಯಂಟ್ ಆಗುತ್ತೆ, ಆದರೆ ವರ್ಷಗಟ್ಟಲೆ ಇಡುವ ಫೈಲಿಗೆ ನಾನು ಬೇಡ ಅನ್ನುತ್ತೇನೆ. ನಮ್ಮ ಸ್ವಂತ ಟೈಪನ್ನು ಅದು ಬರೆಯುವಾಗ ಕ್ಲಾಸಿನ ಹೆಸರನ್ನೇ ಅಕ್ಷರಗಳಾಗಿ ಸ್ಟ್ರೀಮಿಗೆ ಹಾಕುತ್ತೆ. ಯಾರಾದರೂ ಕ್ಲಾಸಿಗೆ ಹೊಸ ಹೆಸರಿಟ್ಟರೆ, ಅಥವಾ ನೇಮ್‌ಸ್ಪೇಸಿಗೆ ಸರಿಸಿದರೆ, ಹಳೆಯ ಫೈಲು ಓದಲ್ಲ. ಕ್ಯೂಟಿ 5ರಲ್ಲಿ ಸ್ಟ್ರೀಮ್ ಆಪರೇಟರುಗಳನ್ನು ಕೈಯಿಂದ ನೋಂದಾಯಿಸಬೇಕು, 6ರಲ್ಲಿ ತಾನೇ ಆಗುತ್ತೆ. ಬರೆಯುವವರು 5ರಲ್ಲಿ ಇರುವುದರಿಂದ ಅಲ್ಲಿ ಬಿಟ್ಟುಹೋದರೆ ಕೆಲಸ ಕೆಡುತ್ತೆ.

ಠಾಣೆಯವರು ಹೇಳಿದ ಹೆಡರಿನಲ್ಲೇ ಬಗೆಗೆ ಎರಡು ಬೈಟು ಇದೆಯಲ್ಲ, ಅದೇ ಸಾಕು. 1 ಅಂದರೆ ತಾಪ, 2 ಒತ್ತಡ, 3 ಕಂಪನ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಆ ಕ್ಲಾಸು ತೆಗೆದುಹಾಕಿದ ಮೇಲೂ ಬೇರೊಂದಕ್ಕೆ ಕೊಡಬೇಡಿ. ಓದುವ ಕಡೆ ಸಂಖ್ಯೆ ನೋಡಿ ಸರಿಯಾದ ಕ್ಲಾಸು ಕಟ್ಟುವ ಒಂದು ಫ್ಯಾಕ್ಟರಿ ಫಂಕ್ಷನ್, ಮತ್ತು ಪ್ರತಿ ಕ್ಲಾಸಿನಲ್ಲಿ ‘ಸ್ಟ್ರೀಮಿನಿಂದ ಓದು’ ಎಂಬ ವರ್ಚುವಲ್ ಫಂಕ್ಷನ್. >> ಆಪರೇಟರನ್ನು ಮೂಲ ಕ್ಲಾಸಿನ ರೆಫರೆನ್ಸಿಗೆ ಬರೆದು ಹುಟ್ಟಿದ ಕ್ಲಾಸನ್ನು ಕೊಟ್ಟರೆ ಮೂಲದ ಫೀಲ್ಡುಗಳು ಮಾತ್ರ ತುಂಬುತ್ತವೆ, ಆಪರೇಟರು ತಾನಾಗಿ ವರ್ಚುವಲ್ ಆಗುವುದಿಲ್ಲ. ಅಂದ ಹಾಗೆ ಆ ಆಪರೇಟರು ಕ್ಲಾಸು ಇರುವ ನೇಮ್‌ಸ್ಪೇಸಿನಲ್ಲೇ ಇರಲಿ. ಇಲ್ಲದಿದ್ದರೆ ಒಂಟಿ ಆಬ್ಜೆಕ್ಟಿಗೆ ಕಂಪೈಲ್ ಆಗಿ, ಅದರ ಕ್ಯೂವೆಕ್ಟರಿಗೆ ಆಗದೆ, ಪುಟಗಟ್ಟಲೆ ಟೆಂಪ್ಲೇಟ್ ದೋಷ ಬರುತ್ತೆ.

ಒಡಲನ್ನು ನೇರ ಸಾಕೆಟ್ಟಿನಿಂದ ಓದಬೇಡಿ. ಹೆಡರು ಹೇಳಿದಷ್ಟು ಬೈಟನ್ನು ಕ್ಯೂಬೈಟ್‌ಅರೇಗೆ ತೆಗೆದುಕೊಂಡು, ಅದರ ಮೇಲೆ ಇನ್ನೊಂದು ಕ್ಯೂಡೇಟಾಸ್ಟ್ರೀಮ್ ಕಟ್ಟಿ ಓದಿ. ಈ ಒಳಸ್ಟ್ರೀಮಿಗೂ ವರ್ಷನ್ ಮತ್ತೆ ಹೇಳಬೇಕು, ಹೊರಗಿನದರಿಂದ ಬರುವುದಿಲ್ಲ. ಲಾಭ ಏನೆಂದರೆ ಒಂದು ಆಬ್ಜೆಕ್ಟಿನ ಓದು ತಪ್ಪಿದರೂ ಮುಂದಿನದರ ಗಡಿ ಕೆಡುವುದಿಲ್ಲ, ಗೊತ್ತಿಲ್ಲದ ಬಗೆ ಬಂದರೆ ಹಾಗೇ ದಾಟಿ ಹೋಗಬಹುದು. ಒಳಸ್ಟ್ರೀಮಿನಿಂದ ತಾತ್ಕಾಲಿಕ ಆಬ್ಜೆಕ್ಟಿಗೆ ಓದಿ, ಕೊನೆಯಲ್ಲಿ ಸ್ಟೇಟಸ್ ಓಕೆ ಇದ್ದರೆ ಮಾತ್ರ ಅದನ್ನು ಮುಂದಕ್ಕೆ ಕೊಡಿ. ಪ್ರತಿ ಫೀಲ್ಡಿಗೂ ಸ್ಟೇಟಸ್ ನೋಡುವ ಅಗತ್ಯವಿಲ್ಲ, ಮೊದಲ ದೋಷ ರೀಸೆಟ್ ಮಾಡುವವರೆಗೂ ಅಲ್ಲೇ ಇರುತ್ತೆ.

ಹೊಸ ಫೀಲ್ಡಿಗೆ ಹೆಡರಿನ ಆವೃತ್ತಿ ಸಂಖ್ಯೆ. ಹೆಡರೇ ಇಲ್ಲದ ಹಳೆಯ ಫೈಲು ಆವೃತ್ತಿ 0. ಮೊದಲ ನಾಲ್ಕು ಬೈಟು ಗುರುತು ಸಂಖ್ಯೆ ಅಲ್ಲದಿದ್ದರೆ ಹಳೆಯದೆಂದು ಹಿಡಿಯಿರಿ. ಅದಕ್ಕೇ ಗುರುತಿಗೆ ಅಳತೆಯ ಸಂಖ್ಯೆಯಾಗಿ ಎಂದೂ ಬರಲಾರದಷ್ಟು ದೊಡ್ಡದನ್ನು ಆರಿಸಿ. ಹೊಸ ಫೀಲ್ಡು ಸದಾ ಕೊನೆಗೆ, ನಡುವೆ ಬೇಡ. ಓದುವಾಗ ಆವೃತ್ತಿ 2 ಅಥವಾ ಹೆಚ್ಚಿದ್ದರೆ ಸಮಯ ಓದಿ, ಇಲ್ಲದಿದ್ದರೆ ‘ಸಮಯ ಇಲ್ಲ’ ಎಂದು ಬಿಡಿ. ಸೊನ್ನೆ ತುಂಬಬೇಡಿ, ಅದು 1970ರ ಜನವರಿ 1 ಎಂದು ವರದಿಯಲ್ಲಿ ಹೊರಬರುತ್ತೆ. ಸ್ಟ್ರೀಮ್ ವರ್ಷನ್ನೇ ಬೇರೆ, ನಿಮ್ಮ ಫಾರ್ಮ್ಯಾಟಿನ ಆವೃತ್ತಿಯೇ ಬೇರೆ, ಎರಡನ್ನೂ ಕಲಸಬೇಡಿ.

ಸಮಯವನ್ನು ಕ್ಯೂಡೇಟ್‌ಟೈಮ್ ಆಗಿ ಬರೆಯುವುದಕ್ಕಿಂತ 1970ರಿಂದ ಎಣಿಸಿದ ಮಿಲಿಸೆಕೆಂಡು, ಯುಟಿಸಿ, 64 ಬಿಟ್ಟಿನ ಸೈನ್ಡ್ ಪೂರ್ಣಾಂಕವಾಗಿ ಬರೆಯಿರಿ. ಕ್ಯೂಡೇಟ್‌ಟೈಮಿನ ಒಳರೂಪ ಸ್ಟ್ರೀಮ್ ವರ್ಷನ್ನಿನಿಂದ ವರ್ಷನ್ನಿಗೆ ಬದಲಾಗಿದೆ. ಮೇಲಾಗಿ ಚಾಕಣದ ಲೋಕಲ್ ಟೈಮನ್ನು ಯುಟಿಸಿಯಲ್ಲಿ ಓಡುವ ಸರ್ವರ್ ತನ್ನ ಲೋಕಲ್ ಟೈಮ್ ಎಂದು ಓದಿದರೆ ಐದೂವರೆ ಗಂಟೆಯ ವ್ಯತ್ಯಾಸ ಬರುತ್ತೆ, ರಾತ್ರಿ ಪಾಳಿಯ ಅಳತೆ ಬೇರೆ ದಿನಕ್ಕೆ ಸೇರುತ್ತೆ. ಲಾಂಗ್ ಎಂಬ ಟೈಪನ್ನು ಇಂಥ ಕಡೆ ಮುಟ್ಟಬೇಡಿ. 64 ಬಿಟ್ ಲಿನಕ್ಸಿನಲ್ಲಿ ಎಂಟು ಬೈಟು, ವಿಂಡೋಸಿನಲ್ಲಿ ನಾಲ್ಕು. ಎನಮ್ ಇದ್ದರೆ ಅದನ್ನೂ ಗೊತ್ತಾದ ಅಗಲದ ಪೂರ್ಣಾಂಕಕ್ಕೆ ಬದಲಿಸಿ ಬರೆದು, ಓದುವಾಗ ಬೆಲೆ ಮಿತಿಯೊಳಗಿದೆಯೇ ಎಂದು ನೋಡಿ.

ಕೋಥ್ರೂಡ್_ಕೀಲಿ:

ಎಣಿಕೆಯ ಬಗ್ಗೆ ಒಂದು ಮಾತು ಬಾಕಿ ಇದೆ. ಕ್ಯೂವೆಕ್ಟರನ್ನು >> ಮೂಲಕ ನೇರ ಓದಿದರೆ ಅದು ಎಣಿಕೆಯನ್ನು ನಂಬಿ ಮೊದಲೇ ಅಷ್ಟು ಜಾಗ ಕಾದಿರಿಸುತ್ತೆ. ಆ ನಾಲ್ಕು ಬೈಟಿನಲ್ಲಿ 400 ಕೋಟಿಗೂ ಮೀರಿದ ಸಂಖ್ಯೆ ಹಿಡಿಸುತ್ತೆ. ಎರಡು ಬೈಟಿನ ಮಾದರಿಗೇ ಸುಮಾರು 8 ಜಿಬಿ ಕೇಳಿದಂತಾಯಿತು, ಪ್ರೋಗ್ರಾಂ ಅಲ್ಲೇ ಬೀಳಬಹುದು. ಕ್ಯೂಸ್ಟ್ರಿಂಗ್ ತುಂಡುತುಂಡಾಗಿ ಓದುವುದರಿಂದ ಅದಕ್ಕೆ ಈ ಭಯವಿಲ್ಲ. ಪಟ್ಟಿಗೆ ಎಣಿಕೆಯನ್ನು ನೀವೇ ಓದಿ, 4096 ಮೀರಿದರೆ ಸೆಟ್‌ಸ್ಟೇಟಸ್‌ನಿಂದ ರೀಡ್‌ಕರಪ್ಟ್‌ಡೇಟಾ ಇಟ್ಟು ಹಿಂದಿರುಗಿ, ಇಲ್ಲದಿದ್ದರೆ ಲೂಪಿನಲ್ಲಿ ಓದಿ. ಬೈಟಿನ ರೂಪ ಬದಲಾಗುವುದಿಲ್ಲ, ಬರೆಯುವವರಿಗೆ ಏನೂ ಹೇಳಬೇಕಿಲ್ಲ.

ವರದಿ ಮಾಡುವ ಭಾಗ ಪೈಥಾನ್, ಜಾವಾ ಅಥವಾ ಡಾಟ್‌ನೆಟ್‌ನಲ್ಲಿ ಬಂದರೆ ಆ ಭಾಷೆಯ ಸಿದ್ಧ ಸೀರಿಯಲೈಸರಿಗೆ (ಆಬ್ಜೆಕ್ಟನ್ನು ಬೈಟುಗಳಾಗಿಸಿ ಮರಳಿ ಕಟ್ಟುವ ಸೌಲಭ್ಯ) ನೆಟ್‌ವರ್ಕಿನ ಬೈಟು ಕೊಡಬೇಡಿ. ಪೈಥಾನಿನ ಪಿಕಲ್ ಓದುವಾಗಲೇ ಬೇರೆಯವರ ಕೋಡು ಓಡಬಲ್ಲದು, ಅದರ ದಾಖಲೆಯೇ ಎಚ್ಚರಿಸುತ್ತೆ. ಜಾವಾದ ಆಬ್ಜೆಕ್ಟ್‌ಇನ್‌ಪುಟ್‌ಸ್ಟ್ರೀಮಿಗೆ ಜಾವಾ 9ರಲ್ಲಿ ಫಿಲ್ಟರ್ ಸೇರಿಸಬೇಕಾಗಿ ಬಂದದ್ದು, 2024ರಲ್ಲಿ ಬಂದ ಡಾಟ್‌ನೆಟ್ 9ರಲ್ಲಿ ಬೈನರಿಫಾರ್ಮ್ಯಾಟರನ್ನೇ ತೆಗೆದದ್ದು ಈ ಕಾರಣಕ್ಕೇ. ನಿಮ್ಮ ಫಾರ್ಮ್ಯಾಟು ಬರೀ ಸಂಖ್ಯೆ ಮತ್ತು ಅಕ್ಷರ, ಕೈಯಿಂದ ಓದುವುದು ಕಷ್ಟವಲ್ಲ. ಪ್ರೋಟೋಬಫ್‌ಗೆ (ಬೈನರಿ ಸಂದೇಶಗಳ ಒಂದು ಸಿದ್ಧ ಫಾರ್ಮ್ಯಾಟು) ಹೋಗೋಣ ಎಂದು ಯಾರಾದರೂ ಅಂದರೆ ಒಳ್ಳೆಯದೇ, ಆವೃತ್ತಿಯ ತಲೆನೋವು ಬಹಳ ಇಳಿಯುತ್ತೆ. ಆದರೆ ಅದರ ಸಂದೇಶಕ್ಕೂ ಗಡಿ ಇಲ್ಲ, ಉದ್ದದ ಹೆಡರು ಆಗಲೂ ಬೇಕು.

ಠಾಣೆ_ಲೋಕಲ್:

ಟೆಸ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಮೇಲಿನ 64 ಬೈಟನ್ನು ಹಾಗೇ ಒಂದು ಸ್ಥಿರ ಅರೇಯಾಗಿ ಟೆಸ್ಟಿನೊಳಗೆ ಇಡಿ. ಬರೆದು ಓದಿ ಹೋಲಿಸುವ ಟೆಸ್ಟ್ ಒಂದೇ ಇದ್ದರೆ, ಎರಡೂ ಕಡೆ ಒಂದೇ ತಪ್ಪು ಸೆಟ್ಟಿಂಗು ಇದ್ದಾಗ ಅದು ಪಾಸಾಗುತ್ತೆ. ಸ್ಥಿರ ಬೈಟು ಇದ್ದರೆ ಪ್ರಿಸಿಷನ್ ಆಗಲಿ ಎಂಡಿಯನ್ ಆಗಲಿ ಬದಲಾದ ಕ್ಷಣ ಸಿಕ್ಕಿಬೀಳುತ್ತೆ.

ಅದೇ ಅರೇಯನ್ನು 0, 1, 2 ಎಂದು 63 ಬೈಟಿನವರೆಗೆ ಕತ್ತರಿಸಿ ಓದಿಸಿ. ಪ್ರತಿ ಸಲವೂ ರೀಡ್‌ಪಾಸ್ಟ್‌ಎಂಡ್ ಬರಬೇಕು. 64ಕ್ಕೆ ಓಕೆ, ಮತ್ತು ಅಟ್‌ಎಂಡ್ ನಿಜ. ಕೊನೆಯದನ್ನು ಬಿಡಬೇಡಿ: ಸ್ಟೇಟಸ್ ಓಕೆ ಇದ್ದೂ ಬೈಟು ಉಳಿದಿದ್ದರೆ, ಆವೃತ್ತಿ ಒಂದೇ ಆಗಿರುವಾಗ, ಯಾವುದೋ ಫೀಲ್ಡನ್ನು ಕಿರಿದಾಗಿ ಓದಿದ್ದೀರಿ ಎಂದರ್ಥ. ಆಮೇಲೆ ಎಣಿಕೆಯ ಬೈಟುಗಳು ಇರುವ 24ರಿಂದ 27ರ ಸ್ಥಾನದಲ್ಲಿ ದೊಡ್ಡ ಸಂಖ್ಯೆ ತುಂಬಿ, ಮಿತಿ ಹಿಡಿಯುತ್ತಾ ನೋಡಿ. ಸಾಕೆಟ್ಟಿಗೆ ಬೇರೆ ಟೆಸ್ಟು: ಕಳಿಸುವ ಕಡೆ ಒಂದೊಂದೇ ಬೈಟು ಬರೆದು ಫ್ಲಶ್ ಮಾಡಿ, ನಡುವೆ ಕೆಲವು ಮಿಲಿಸೆಕೆಂಡು ಬಿಡಿ. ಹೆಡರು ಸೇರಿ 76 ಬೈಟು ಹೋದ ಮೇಲೆ ಒಂದೇ ಒಂದು ಆಬ್ಜೆಕ್ಟು ಹೊರಬರಬೇಕು. ಆಮೇಲೆ ಮೂರು ಆಬ್ಜೆಕ್ಟನ್ನು ಒಂದೇ ರೈಟಿಗೆ ಕಳಿಸಿ, ಮೂರೂ ಬರಬೇಕು. ಇಷ್ಟು ಪಾಸಾದರೆ ಚಾಕಣದ ವೈಫೈ ಮೇಲೆ ಹಾಕಿ.